ಚೆನ್ನೆಮಣೆಯಿಂದ ಇಪ್ಪತ್ತು ಮುಖದ ದಾಳದವರೆಗೆ

ಕಳೆದ ವರ್ಷ ಆಟಿ ತಿಂಗಳಲ್ಲಿ, ಅಂದರೆ ಜುಲೈ ಕೊನೆಯ ವಾರ, ಡೊಂಬಿವಲಿಯ ನಮ್ಮ ಮನೆಯಲ್ಲಿ ಮೂವರು ಮೊಮ್ಮಕ್ಕಳು ಎರಡು ದಿನ ಸಿಕ್ಕಿಹಾಕಿಕೊಂಡರು. ಠಾಣೆಯಲ್ಲಿರುವ ದೊಡ್ಡ ಮಗಳ ಇಬ್ಬರು ಹುಡುಗಿಯರು, ಹನ್ನೊಂದು ಮತ್ತು ಏಳು ವರ್ಷದವರು. ಖಾರ್ಘರ್‌ನಿಂದ ಬಂದ ಸಣ್ಣ ಮಗಳ ಮಗ, ಹದಿನೈದು ವರ್ಷದವನು. ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದ್, ಶಾಲೆಗಳಿಗೆ ರಜೆ. ನಾನು ಪತ್ರೊಡೆಗೆ ಕೆಸುವಿನ ಎಲೆ ಹುಡುಕಿ ತಂದಿದ್ದೆ. ಮಕ್ಕಳಿಗೆ ಅದರ ಮೇಲೆ ಮನಸ್ಸಿಲ್ಲ. ಅಣ್ಣ ತನ್ನ ಚೀಲದಿಂದ ಒಂದು ನೋಟ್‌ಪುಸ್ತಕ, ನಾಲ್ಕು ಪೆನ್ಸಿಲ್, ಬಣ್ಣಬಣ್ಣದ ದಾಳಗಳನ್ನು ತೆಗೆದು ನೆಲದ ಮೇಲೆ ಹರಡಿದ. ಅದರಲ್ಲೊಂದು ದಾಳಕ್ಕೆ ಇಪ್ಪತ್ತು ಮುಖ!

ಆಟ ಹೇಗೆಂದು ಅಡುಗೆಮನೆಯಿಂದಲೇ ಕೇಳಿಸಿಕೊಂಡೆ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ಒಂದೊಂದು ಪಾತ್ರ. “ನೀವು ಗುಹೆಯ ಬಾಗಿಲಿಗೆ ಬಂದಿದ್ದೀರಿ, ಒಳಗಿನಿಂದ ಹೊಗೆ ಬರುತ್ತಿದೆ, ಈಗ ಏನು ಮಾಡುತ್ತೀರಿ?” ಎಂದು ಅವನು ಕೇಳಬೇಕು, ಇವರು ಹೇಳಬೇಕು. ಹೇಳಿದ್ದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಮಣೆಯೂ ಬೇಡ, ಕಾಯಿಯೂ ಬೇಡ. ಸಣ್ಣವಳು ತಾನೊಂದು ಮಾತಾಡುವ ಬೆಕ್ಕು ಎಂದಳು. ಅಕ್ಕ ಬಿಲ್ಲುಗಾರ್ತಿ. ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಆಮೇಲೆ ಅಕ್ಕ ಬಾಣ ಬಿಡುತ್ತೇನೆಂದಳು, ದಾಳದಲ್ಲಿ ಒಂದು ಬಿತ್ತು, ಬಾಣ ಗುರಿ ತಪ್ಪಿ ಬೆಕ್ಕಿಗೆ ತಾಗಿತು. “ಬೆಕ್ಕು ಸತ್ತಿತು” ಎಂದ ಅಣ್ಣ, ಹದಿನೈದು ವರ್ಷದವರಿಗೆ ಸಹಜವಾದ ನಿರ್ದಯೆಯಿಂದ. ಏಳು ವರ್ಷದವಳು ಕೈಗೆ ಸಿಕ್ಕ ದಾಳವನ್ನು ಅಕ್ಕನ ಮುಖಕ್ಕೆ ಬೀಸಿ ಎಸೆದಳು. ಹುಬ್ಬಿನ ಮೇಲೆ ಸಣ್ಣ ಗಾಯ, ಎರಡು ಹನಿ ರಕ್ತ.

ನಾನು ಸೌಟು ಹಿಡಿದೇ ಓಡಿಬಂದೆ. ಒಂದು ಮಾತೂ ಆಡದೆ ದಾಳಗಳನ್ನೆಲ್ಲ ಬಾಚಿ, ಸ್ಟೀಲ್ ಡಬ್ಬಿಗೆ ಹಾಕಿ, ಕಪಾಟಿನ ಮೇಲೆ ಎತ್ತಿಟ್ಟೆ. ಇಟ್ಟ ಮೇಲೆ ಕೈ ನಡುಗಿತು. ಅರವತ್ತು ವರ್ಷದ ಹಿಂದೆ ನನ್ನ ಅಮ್ಮ ಇದೇ ರೀತಿ ಚೆನ್ನೆಮಣೆಯನ್ನು ಅಟ್ಟಕ್ಕೆ ಎತ್ತಿಟ್ಟಿದ್ದರು.

ಕರಾವಳಿಯಿಂದ ಬಂದ ಗೆಳತಿಯರಿಗೆ ಚೆನ್ನೆಮಣೆಯ ಪರಿಚಯ ಬೇಡ. ಬಯಲುಸೀಮೆಯವರು ಅಳಗುಳಿಮಣೆ ಎನ್ನುತ್ತಾರೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ 56 ಕೆಂಪು ಮಂಜೊಟ್ಟಿ ಬೀಜ. ಆಫ್ರಿಕದಲ್ಲಿಯೂ ಅರಬ್ ನಾಡುಗಳಲ್ಲಿಯೂ ಇದರ ಬಂಧುಗಳಿವೆ. ನಮ್ಮ ಕಡೆ ಆಟಿ ತಿಂಗಳಲ್ಲಿ, ಗದ್ದೆ ಕೆಲಸ ಮುಗಿದು ಮಳೆ ಸುರಿಯುವ ಹೊತ್ತಿನಲ್ಲಿ ಮಾತ್ರ ಇದನ್ನು ಆಡುವುದು. ಸೋಣ ಸಂಕ್ರಮಣ ಬಂದರೆ ಮಣೆ ಅಟ್ಟಕ್ಕೆ. ಒಬ್ಬಳೇ ಆಡುವ ಆಟಕ್ಕೆ ಸೀತೆಯ ಹೆಸರು, ಅಶೋಕವನದಲ್ಲಿ ಅವಳು ಹೊತ್ತು ಕಳೆದದ್ದು ಹೀಗೆಯೇ ಎಂಬ ನಂಬಿಕೆ. ಇನ್ನೊಂದು ಕಟ್ಟುನಿಟ್ಟು: ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು.

ಯಾಕೆಂದರೆ ಅಬ್ಬಗ-ದಾರಗ. ಸಿರಿಯ ಪಾಡ್ದನದಲ್ಲಿ ಇವರು ಸಿರಿಯ ಮಗಳು ಸೊನ್ನೆಯ ಅವಳಿ ಮಕ್ಕಳು. ಪಾಠಭೇದಗಳು ಬಹಳ. ಸಾರ ಇಷ್ಟು: ಬೆರ್ಮೆರಿಗೆ ಹೇಳಿದ ಹರಕೆಯನ್ನು ಹೆತ್ತವರು ಮರೆಯುತ್ತಾರೆ. ಅವರು ಮನೆಯಲ್ಲಿಲ್ಲದಾಗ ಹುಡುಗಿಯರು ಚೆನ್ನೆಮಣೆ ತೆಗೆಯುತ್ತಾರೆ. ಆಟದಲ್ಲಿ ಜಗಳ ಹತ್ತಿ, ಸೋತ ಸಿಟ್ಟಿನಲ್ಲಿ ಅಬ್ಬಗ ಮಣೆಯಿಂದಲೇ ತಂಗಿಯ ತಲೆಗೆ ಹೊಡೆಯುತ್ತಾಳೆ. ದಾರಗ ಸತ್ತಮೇಲೆ ಅವಳನ್ನು ಬಾವಿಗೆ ಹಾಕಿ ತಾನೂ ಹಾರುತ್ತಾಳೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರ ಜೊತೆ ಸೇರಿ ಗೋಪಾಲ ನಾಯ್ಕರ ಬಾಯಿಂದ ದಾಖಲಿಸಿದ ಸಿರಿ ಮಹಾಕಾವ್ಯ 15,683 ಸಾಲುಗಳಷ್ಟು ಉದ್ದವಾಗಿದ್ದು, 1998ರಲ್ಲಿ ಹೆಲ್ಸಿಂಕಿಯಲ್ಲಿ ಪ್ರಕಟವಾಯಿತು. ಇಷ್ಟು ದೊಡ್ಡ ಕಾವ್ಯದ ಒಂದು ದುರಂತ ಹದಿನಾಲ್ಕು ಗುಳಿಯ ಮರದ ಹಲಗೆಯ ಮೇಲೆ ನಡೆಯುತ್ತದೆ ಎಂಬುದು ನನಗೆ ಈಗಲೂ ಮೈ ಜುಮ್ಮೆನಿಸುವ ಸಂಗತಿ.

ನಮ್ಮ ಮನೆಯಲ್ಲಿ ಅಂಥದ್ದೇನೂ ಆಗಲಿಲ್ಲ. ಅಮ್ಮ ಗದ್ದೆ ಕಡೆ ಹೋಗಿದ್ದಾಗ ನಾನೂ ಅಕ್ಕನೂ ಕದ್ದು ಆಡಿದೆವು. ನಾನು ಸೋತೆ, ಬೊಗಸೆ ತುಂಬ ಬೀಜವನ್ನು ಅಂಗಳದ ಕೆಸರಿಗೆ ಎಸೆದೆ, ಅಕ್ಕ ನನ್ನ ಜಡೆ ಹಿಡಿದಳು. ಅಮ್ಮ ಬಂದು ನೋಡಿದವರು ಹೊಡೆಯಲಿಲ್ಲ. ಮಣೆಯನ್ನು ಎತ್ತಿಟ್ಟರು, ಮೂರು ವರ್ಷ ಇಳಿಸಲಿಲ್ಲ. 1976ರಲ್ಲಿ ನಾನು ಮದುವೆಯಾಗಿ ಡೊಂಬಿವಲಿಗೆ ಬಂದಾಗ ಅದೇ ಮಣೆ ಟ್ರಂಕಿನಲ್ಲಿ ನನ್ನೊಂದಿಗೆ ಬಂತು. ಆದರೆ ನನಗೆ ಹುಟ್ಟಿದ್ದು ಇಬ್ಬರೂ ಹೆಣ್ಣುಮಕ್ಕಳು. ಅವರಿಗೆ ನಾನು ಚೆನ್ನೆ ಕಲಿಸಲೇ ಇಲ್ಲ. ಅದರೊಂದಿಗೆ ಬರುವ ಲೆಕ್ಕ, ಒಗಟು, ಹಾಡು, ಅಜ್ಜಿಯರ ಬೈಗುಳ, ತುಳುವಿನ ಎಷ್ಟೋ ಮಾತುಗಳು ಕೂಡ ಅವರಿಗೆ ಹೋಗಲಿಲ್ಲ. ಹಾಗೆ ನೋಡಿದರೆ ನನ್ನ ಹೆದರಿಕೆಯ ಬೆಲೆ ಸಣ್ಣದಲ್ಲ.

ಮಳೆ ನಿಂತ ಮೇಲೆ ಮೊಮ್ಮಗ ತನ್ನ ದಾಳ ಕೇಳಲು ಬಂದ. “ಅಜ್ಜಿ, ಇದು ಅಮೆರಿಕದ ಆಟ, ನಿಮ್ಮ ಶಾಪ ಇದಕ್ಕೆ ಅನ್ವಯಿಸುವುದಿಲ್ಲ” ಎಂದ. ಮಾತು ಚುಚ್ಚಿತು. ಹಾಗಾದರೆ ಇದರ ಜಾತಕವನ್ನೇ ನೋಡಿಬಿಡೋಣ ಎಂದು ಕೂತೆ. ಓದಿದಷ್ಟೂ ಮುಂದಕ್ಕೆ ಎಳೆಯಿತು.

ಈ ಬಗೆಯ ಆಟದ ಒಂದು ಬೇರು ಪ್ರಷ್ಯಾದ ಸೇನೆಯಲ್ಲಿದೆ. 1824ರಲ್ಲಿ ಫಾನ್ ರೈಸ್ವಿಟ್ಸ್ ಎಂಬ ಅಧಿಕಾರಿ ಸೈನಿಕ ಅಧಿಕಾರಿಗಳ ತರಬೇತಿಗಾಗಿ ಒಂದು ಯುದ್ಧದಾಟದ ನಿಯಮಾವಳಿ ಪ್ರಕಟಿಸಿದ. ನಕ್ಷೆಯ ಮೇಲೆ ಎರಡು ಪಕ್ಷ, ನಡುವೆ ಒಬ್ಬ ತೀರ್ಪುಗಾರ. ಆಟಗಾರರು ತಾವು ಮಾಡಬೇಕೆಂದಿರುವುದನ್ನು ಅವನಿಗೆ ಹೇಳಬೇಕು, ಅವನು ದಾಳ ಹಾಕಿ ಫಲಿತಾಂಶ ಹೇಳುತ್ತಾನೆ. ಆ ತೀರ್ಪುಗಾರನೇ ಇಂದಿನ ಕಥೆಗಾರನ ಮುತ್ತಜ್ಜ. ಅಲ್ಲಿಂದ ಒಂದೂವರೆ ಶತಮಾನ ದಾಟಿ 1969ಕ್ಕೆ ಬರೋಣ. ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬಾತ ನೆಪೋಲಿಯನ್ ಕಾಲದ ಒಂದು ಯುದ್ಧದಾಟ ಏರ್ಪಡಿಸಿದ. ಎಲ್ಲರಿಗೂ ಸೈನ್ಯ ಕೊಡುವ ಬದಲು ಒಬ್ಬೊಬ್ಬರಿಗೆ ಒಂದೊಂದು ವ್ಯಕ್ತಿಯ ಪಾತ್ರ ಕೊಟ್ಟ. ಒಬ್ಬ ಊರಿನ ಮುಖ್ಯಸ್ಥ, ಒಬ್ಬ ವಿದ್ಯಾರ್ಥಿ, ಹೀಗೆ. ಯುದ್ಧ ಶುರುವಾಗುವ ಮೊದಲೇ ಆಟಗಾರರು ಪರಸ್ಪರ ಮಾತು, ಸಂಚು, ಜಗಳದಲ್ಲಿ ಮುಳುಗಿದರು. ಆಟ ಕೆಟ್ಟುಹೋಯಿತೆಂದು ವೆಸ್ಲಿ ತಲೆ ಚಚ್ಚಿಕೊಂಡ. ಆಡಿದವರು ಮಾತ್ರ ಇನ್ನೊಮ್ಮೆ ಮಾಡು ಎಂದು ಬೆನ್ನುಬಿದ್ದರು. ಹಾಗೆ ಆಡಿದವರಲ್ಲೊಬ್ಬ ಡೇವ್ ಆರ್ನೆಸನ್. ಅವನೂ ಗ್ಯಾರಿ ಗೈಗ್ಯಾಕ್ಸ್‌ನೂ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರತಂದರು. ಮೊದಲ ಮುದ್ರಣ ಬರೀ 1,000 ಪೆಟ್ಟಿಗೆ. ನಮ್ಮ ಮೊಮ್ಮಗನಿಗೆ ಇದು ತಲುಪಿದ್ದು ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಮೂಲಕ.

ಶಾಪದ ವಿಷಯಕ್ಕೆ ಬಂದರೆ, ಅಮೆರಿಕದ ಅಮ್ಮಂದಿರೇನೂ ನನ್ನ ಅಮ್ಮನಿಗಿಂತ ಧೈರ್ಯವಂತರಲ್ಲ. 1980ರ ದಶಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಕಡೆಗೆ ಒಯ್ಯುತ್ತದೆ, ಆತ್ಮಹತ್ಯೆಗೆ ದೂಡುತ್ತದೆ ಎಂಬ ಭಯ ಅಲ್ಲಿ ದೇಶದುದ್ದಕ್ಕೂ ಹಬ್ಬಿತು. ಮಗನನ್ನು ಕಳೆದುಕೊಂಡ ಒಬ್ಬ ತಾಯಿ 1983ರಲ್ಲಿ ಇದರ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. 1982ರಲ್ಲಿ ಬಂದ ಒಂದು ಟಿವಿ ಚಿತ್ರದಲ್ಲಿ ಯುವಕ ಟಾಮ್ ಹ್ಯಾಂಕ್ಸ್ ಇಂಥ ಆಟ ಆಡಿ ಬುದ್ಧಿ ಕಳೆದುಕೊಳ್ಳುವ ಹುಡುಗ. ಆಟವೇ ಕೊಲ್ಲುತ್ತದೆ ಎಂಬ ಆ ಮಾತನ್ನು ಇಂದು ಹೆಚ್ಚಿನವರು ನಂಬುವುದಿಲ್ಲ. ಆದರೆ ಆ ತಾಯಿಯನ್ನು ನಗೆಯಾಡಲು ನನಗೆ ಮನಸ್ಸು ಬರುವುದಿಲ್ಲ. ಮಗುವಿನ ಕೈಯಲ್ಲಿ ಕೊನೆಗೆ ಕಂಡ ವಸ್ತುವನ್ನು ನಾವು ದೂರುತ್ತೇವೆ. ಅಬ್ಬಗನ ಕೈಯಲ್ಲಿದ್ದುದು ಮಣೆ, ಹಾಗಾಗಿ ಮಣೆ ಅಟ್ಟ ಸೇರಿತು. ಹೆತ್ತವರು ಮರೆತ ಹರಕೆಯನ್ನು ಯಾರೂ ಅಟ್ಟಕ್ಕೆ ಹಾಕಲಿಲ್ಲ.

ಇನ್ನು ನಮ್ಮ ಮನೆಯ ಕಡೆ. ಕ್ರಿ.ಶ. 941ರ ಹೊತ್ತಿಗೆ ಪಂಪ ತನ್ನ ಭಾರತದಲ್ಲಿ ಭಾನುಮತಿಯ ನೆತ್ತದಾಟವನ್ನು ತರುತ್ತಾನೆ. ನೆತ್ತ ಎಂದರೆ ಪಗಡೆ. ಹರಿದ ಹಾರದ ಆ ಪದ್ಯದಲ್ಲಿ ಅವಳು ಯಾರೊಡನೆ ಆಡುತ್ತಿದ್ದಳು ಎಂದು ನಮ್ಮ ಪಂಡಿತರು ಇಪ್ಪತ್ತನೇ ಶತಮಾನದಲ್ಲಿ ಮಾಡಿದ ಜಗಳ ಅಬ್ಬಗ-ದಾರಗರ ಜಗಳಕ್ಕೇನೂ ಕಡಿಮೆಯದಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. (ಈ ಕಲ್ಯಾಣ ನಮ್ಮ ಸೆಂಟ್ರಲ್ ಲೈನಿನ ಕಲ್ಯಾಣವಲ್ಲ, ಬೀದರ್ ಜಿಲ್ಲೆಯ ಬಸವಕಲ್ಯಾಣ.) ಅದರ ಕೊನೆಯ ಭಾಗದಲ್ಲಿ ಇಪ್ಪತ್ತು ಕ್ರೀಡೆಗಳಿವೆ. ಚದುರಂಗ, ಪಗಡೆ, ಕವಡೆಯಾಟ, ಒಗಟು, ಬೆಳದಿಂಗಳಲ್ಲಿ ಆಡುವ ಆಟ, ಕತ್ತಲೆಯಲ್ಲಿ ಆಡುವ ಆಟ! ರಾಜ್ಯವಾಳುವವನು ಇದನ್ನೆಲ್ಲ ಕೂತು ಬರೆದನಲ್ಲ ಎಂದು ಸೋಜಿಗವಾಗುತ್ತದೆ.

ಇನ್ನೊಬ್ಬ ಅರಸನಿಗೆ ಬರೆಯಲು ಬಿಡುವು ಬಹಳ ಸಿಕ್ಕಿತು, ಪಾಪ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಬ್ರಿಟಿಷರು 1831ರಲ್ಲಿ ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಅರಮನೆಯಲ್ಲಿದ್ದು ಸಾಹಿತ್ಯ, ಚಿತ್ರ, ಆಟಗಳಲ್ಲಿ ಮನಸ್ಸು ತೊಡಗಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ನಿಧಿಯಾದ ಕೌತುಕನಿಧಿ ಪೂರ್ತಿ ಆಟಗಳದ್ದು. ಗಂಜೀಫಾ ಎಲೆಗಳ ಹೊಸ ಹೊಸ ಕಟ್ಟುಗಳನ್ನು ಅವರು ರೂಪಿಸಿದರು, ಚಾಮುಂಡೇಶ್ವರಿ ಹೆಸರಿನ ಒಂದು ಕಟ್ಟಿನಲ್ಲಿ 320 ಎಲೆ. ಮೈಸೂರಿಗೆ ಹೋದವರು ಜಗನ್ಮೋಹನ ಅರಮನೆಯ ಗೋಡೆಯ ಮೇಲಿನ ಆಟದ ಚಿತ್ರಗಳನ್ನು ನಿಧಾನವಾಗಿ ನೋಡಿ. ನಮಗೆ ಹತ್ತಿರದ ಸಾವಂತವಾಡಿಯ ಅರಮನೆಯಲ್ಲಿಯೂ ದಶಾವತಾರ ಗಂಜೀಫಾ ಬಿಡಿಸುವ ಕೆಲಸ ಈಗಲೂ ನಡೆಯುತ್ತಿದೆ, 120 ಎಲೆ, ಅವತಾರಕ್ಕೆ ಹನ್ನೆರಡು. ಅರಸರ ಆಟಕ್ಕೆ ಪುಸ್ತಕ, ಗೋಡೆ, ಬಣ್ಣ ಎಲ್ಲ ಸಿಕ್ಕಿತು. ಚೆನ್ನೆಮಣೆ, ಚೌಕಾಬಾರಗಳನ್ನು ಉಳಿಸಿದವರು ಹೆಂಗಸರು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು.

ಆದರೂ ಇವೆಲ್ಲ ಕಾಯಿ ನಡೆಸುವ ಆಟಗಳು. ಮೊಮ್ಮಗನ ಆಟದಲ್ಲಿ ನಡೆಯುವುದು ಮಾತು. ಅದಕ್ಕೆ ನಮ್ಮಲ್ಲಿ ಸರಿಜೋಡಿ ಯಾವುದು? ಉತ್ತರ ಹೊಳೆದಾಗ ನಗು ಬಂತು. ನನ್ನ ಮಾವನವರು ಮುಂಬಯಿಗೆ ಹೋಟೆಲಿನ ಹುಡುಗನಾಗಿ ಬಂದು, ರಾತ್ರಿಶಾಲೆಯಲ್ಲಿ ಕನ್ನಡ ಕಲಿತು, ಶನಿವಾರ ರಾತ್ರಿ ಕಣ್ಣುಜ್ಜಿಕೊಂಡು ಕೂರುತ್ತಿದ್ದದ್ದು ಇದಕ್ಕೇ: ತಾಳಮದ್ದಳೆ.

ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನವೊಂದರಲ್ಲಿಯೇ ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ಉಲ್ಲೇಖವಿದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರು ಕೂತು ರಾಮನಾಗಿ, ವಾಲಿಯಾಗಿ ಮಾತಾಡುತ್ತಾರೆ. ಬರೆದಿಟ್ಟ ಮಾತು ಒಂದೂ ಇಲ್ಲ. ಎದುರಿನವನು ಏನು ಕೇಳುತ್ತಾನೆಂದು ಇವನಿಗೆ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ವಾಲಿಯೋ ರಾವಣನೋ ಆಗಿ ಕೂತರೆ ರಾಮನ ಅರ್ಥ ಹೇಳುವವರಿಗೆ ಬೆವರು ಎಂದು ಮಾವನವರು ಹೇಳುತ್ತಿದ್ದರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದಾಗ ರಾಮನಾದವನು ಅಲ್ಲೇ ಉತ್ತರ ಹುಟ್ಟಿಸಬೇಕು. ಮೊಮ್ಮಗನ ಭಾಷೆಯಲ್ಲಿ ಹೇಳುವುದಾದರೆ ಭಾಗವತರು ಕಥೆ ನಡೆಸುವವರು, ಅರ್ಥಧಾರಿಗಳು ಆಟಗಾರರು. ವ್ಯತ್ಯಾಸ ಒಂದೇ, ಆದರೆ ದೊಡ್ಡದು. ತಾಳಮದ್ದಳೆಯಲ್ಲಿ ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಸಾಯಲೇಬೇಕು, ಪ್ರಸಂಗ ಹಾಗಿದೆ. ಹುಡುಗರ ಆಟದಲ್ಲಿ ಅಂತ್ಯ ಬರೆದಿರುವುದಿಲ್ಲ. ಬೆಕ್ಕು ಸಾಯಲೇಬೇಕು ಎಂದು ಯಾವ ಭಾಗವತರೂ ಹಾಡಿರಲಿಲ್ಲ.

ಇದನ್ನು ಮೊಮ್ಮಗನಿಗೆ ಫೋನಿನಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳಿಗೆ ಏಳೇ ವರ್ಷ ಎಂದು ನಾನು ಮರೆತೆ ಅಜ್ಜಿ” ಎಂದ. ಸಣ್ಣ ಮಕ್ಕಳಿಗಾಗಿ ಬೇರೆಯೇ ನಿಯಮದ ಪುಸ್ತಕಗಳಿವೆಯೆಂದು ಅವನೇ ಹುಡುಕಿ ತೋರಿಸಿದ. ಅವುಗಳಲ್ಲಿ 2016ರಲ್ಲಿ ಬಂದ ‘ನೋ ಥ್ಯಾಂಕ್ ಯೂ, ಈವಿಲ್!’ ನನಗೆ ಹಿಡಿಸಿತು. ಐದು ವರ್ಷದಿಂದ ಮೇಲಿನವರಿಗೆ ಅದು. ಆಟ ತೀರಾ ಹೆದರಿಕೆ ಹುಟ್ಟಿಸಿದರೆ ಮಗು ಆ ಹೆಸರಿನ ಮಾತನ್ನೇ ಹೇಳಿದರೆ ಸಾಕು, ಕಥೆ ದಾರಿ ಬದಲಿಸಬೇಕು. ಮಕ್ಕಳು ದೊಡ್ಡವರ ಪುಸ್ತಕವಿಲ್ಲದೆಯೂ ಇಂಥದ್ದನ್ನು ಕಟ್ಟಬಲ್ಲರು ಎನ್ನುವುದಕ್ಕೆ ಇಂಗ್ಲೆಂಡಿನ ಬ್ರಾಂಟೆ ಒಡಹುಟ್ಟಿದವರು ಸಾಕ್ಷಿ. 1826ರಲ್ಲಿ ತಂದೆ ತಮ್ಮನಿಗೆಂದು ತಂದ ಹನ್ನೆರಡು ಮರದ ಸೈನಿಕರಲ್ಲಿ ಅಕ್ಕತಂಗಿಯರು ತಮಗೊಬ್ಬೊಬ್ಬನನ್ನು ಆರಿಸಿ ಹೆಸರಿಟ್ಟು, ದೇಶಗಳನ್ನು ಕಟ್ಟಿ, ವರ್ಷಗಟ್ಟಲೆ ಆ ಕಥೆಯೊಳಗೆ ಬದುಕಿದರು. ಷಾರ್ಲಟ್ ಮತ್ತು ಎಮಿಲಿ ಮುಂದೆ ಏನು ಬರೆದರೆಂದು ನಿಮಗೆ ಗೊತ್ತು.

ದೀಪಾವಳಿ ರಜೆಗೆ ಮೂವರೂ ಮತ್ತೆ ಬಂದರು. ಈ ಸಲ ಕಥೆ ಹೇಳುವವಳು ನಾನು ಎಂದೆ. ಟ್ರಂಕಿನಿಂದ ಚೆನ್ನೆಮಣೆ ತೆಗೆದೆ, ಧೂಳು ಒರೆಸಿದೆ. ಆಟಿಯಲ್ಲದ ತಿಂಗಳು. ಎದೆ ಹೊಡೆದುಕೊಳ್ಳುತ್ತಿತ್ತು, ಸುಳ್ಳೇಕೆ ಹೇಳಲಿ. ಎರಡೇ ಕರಾರು ಹಾಕಿದೆ. ಮಾತು ಕನ್ನಡದಲ್ಲೋ ತುಳುವಿನಲ್ಲೋ ಇರಬೇಕು, ಪದ ಸಿಗದಿದ್ದರೆ ಕೇಳಬಹುದು. ಯಾರಾದರೂ “ಸಾಕು” ಎಂದರೆ ಅಲ್ಲಿಗೆ ನಿಲ್ಲಿಸುವುದು. ಇಪ್ಪತ್ತು ಮುಖದ ದಾಳದ ಬದಲು ನಾಲ್ಕು ಕವಡೆ. ಎರಡೋ ಹೆಚ್ಚೋ ಕವಡೆ ಅಂಗಾತ ಬಿದ್ದರೆ ಎಣಿಸಿದ್ದು ಆಯಿತು, ಇಲ್ಲದಿದ್ದರೆ ಬೇರೇನೋ ಆಯಿತು. ಸಾವು ಇಲ್ಲ. ಅರ್ಧ ಗಂಟೆ ಮಾತ್ರ, ಏಕೆಂದರೆ ಏಳು ವರ್ಷದ ಮಗುವಿನ ಗಮನ ಅದಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ದೊಡ್ಡವರ ಗಮನವೂ ಅಷ್ಟೇ ಎನ್ನಿ.

ಕಥೆ ಶುರು ಮಾಡಿದೆ. “ಒಂದು ಮನೆ. ಹೊರಗೆ ಧಾರಾಕಾರ ಮಳೆ. ಅಪ್ಪ ಅಮ್ಮ ಹೊರಗೆ ಹೋಗಿದ್ದಾರೆ. ಪೆಟ್ಟಿಗೆಯೊಳಗೆ ಒಂದು ಚೆನ್ನೆಮಣೆ ಇದೆ, ತೆಗೆಯಬಾರದು ಎಂದಿದ್ದಾರೆ. ನೀನು ಅಬ್ಬಗ, ನೀನು ದಾರಗ. ಈಗ ಏನು ಮಾಡುತ್ತೀರಿ?” ಸಣ್ಣವಳು ಹಟ ಮಾಡಿ ಅಬ್ಬಗನೇ ಬೇಕೆಂದಳು, ಅಕ್ಕನಾಗುವ ಆಸೆ. ದೊಡ್ಡವಳು ದಾರಗ. ಅಣ್ಣನಿಗೆ ಬಾಗಿಲಿಗೆ ಬರುವ ಅಪರಿಚಿತ ಬ್ರಾಹ್ಮಣನ ಪಾತ್ರ. ಮೂಲ ಕಥೆ ಅವರಾರಿಗೂ ಗೊತ್ತಿರಲಿಲ್ಲ.

ಮಣೆ ತೆಗೆದೇ ತೆಗೆದರು, ಅದರಲ್ಲಿ ಆಶ್ಚರ್ಯವೇನಿಲ್ಲ. ಬೀಜ ಹಂಚಲು ನಾನು ನಿಜವಾಗಿಯೇ ಕಲಿಸಿದೆ. ದಾರಗ ಗೆಲ್ಲತೊಡಗಿದಳು. ಅಣ್ಣ ಬಾಗಿಲಲ್ಲಿ ನಿಂತು, “ತಂಗಿ ಮೋಸ ಮಾಡುತ್ತಿದ್ದಾಳೆ ನೋಡು” ಎಂದು ಉರಿಗೆ ತುಪ್ಪ ಸುರಿದ. ಅವನಿಗೆ ಇದು ಚೆನ್ನಾಗಿ ಬರುತ್ತದೆ. ಸಣ್ಣವಳ ಮೂಗಿನ ಹೊಳ್ಳೆ ಅರಳಿತು. ಜುಲೈಯಲ್ಲಿ ಕಂಡ ಅದೇ ಮುಖ. ನಾನು ನಿಲ್ಲಿಸಬೇಕೆಂದು ಬಾಯಿ ತೆರೆದೆ, ತಡೆದುಕೊಂಡೆ, ಕೇಳಿದೆ: “ಅಬ್ಬಗ, ನಿನಗೆ ಬಹಳ ಸಿಟ್ಟು ಬಂದಿದೆ. ಕೈಯಲ್ಲಿ ಮಣೆ ಇದೆ. ಏನು ಮಾಡುತ್ತೀ?”

ಅವಳು ಬಹಳ ಹೊತ್ತು ಯೋಚಿಸಿದಳು. ಅಕ್ಕನ ಹುಬ್ಬನ್ನು ನೋಡಿದಳು, ಗಾಯದ ಗುರುತು ಅಲ್ಲಿ ತೆಳ್ಳಗೆ ಉಳಿದಿದೆ. ಆಮೇಲೆ ತನ್ನ ಮುರುಕು ಕನ್ನಡದಲ್ಲಿ, “ಅಬ್ಬಗ ಮಣೆ ಕೆಳಗೆ ಇಡ್ತಾಳೆ. ಬ್ರಾಹ್ಮಣನಿಗೆ ಹೇಳ್ತಾಳೆ, ನೀನು ಹೋಗು, ಇದು ನಮ್ಮ ಜಗಳ” ಎಂದಳು. ಕವಡೆ ಹಾಕಬೇಕಾ ಎಂದು ಕೇಳಿದಳು. ಇದಕ್ಕೆ ಬೇಡ ಎಂದೆ.

ಮೂಲ ಕಥೆಯನ್ನು ರಾತ್ರಿ ಮಲಗುವಾಗ ದೊಡ್ಡವರಿಬ್ಬರಿಗೆ ಹೇಳಿದೆ. ಸಣ್ಣವಳು ನಿದ್ದೆಹೋಗಿದ್ದಳೆಂದುಕೊಂಡಿದ್ದೆ. ಬೆಳಿಗ್ಗೆ ಎದ್ದವಳೇ, ಬಾವಿಯಲ್ಲಿ ನೀರು ಎಷ್ಟಿತ್ತು, ಆ ಅಮ್ಮ ಯಾಕೆ ಬೇಗ ಬರಲಿಲ್ಲ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. “ನಾಳೆ ನೀನು ಅಮ್ಮ ಆಗು ಅಜ್ಜಿ, ಬೇಗ ಬಾ” ಎಂದಳು.

ಮಂಗಳೂರಿನಲ್ಲಿರುವ ಅಕ್ಕನಿಗೆ ವಿಡಿಯೋ ಕರೆ ಮಾಡಿ ಮಣೆ ತೋರಿಸಿದೆ. ಅವಳಿಗೀಗ ಎಪ್ಪತ್ತೈದು. “ಆವತ್ತು ನೀನು ಎಸೆದ ಬೀಜಗಳಲ್ಲಿ ಮೂರು ಸಿಗಲೇ ಇಲ್ಲ, ನೆನಪಿದೆಯಾ?” ಎಂದಳು. ನೆನಪಿರಲಿಲ್ಲ. ಎಣಿಸಿ ನೋಡಿದೆ, 53 ಇದ್ದವು. ಕಡಿಮೆಯಾದ ಮೂರಕ್ಕೆ ರಾಜ್ಮಾ ಕಾಳು ಹಾಕಿಕೊಂಡು ಆಡುತ್ತಿದ್ದೇವೆ.